ಸಿಹಿ ಬಿಟ್ಟ ಜೋಡಿ

ಡಾಕ್ಟರ್ ಪ್ರಭುದೇವ್ ಕೇಳಿದ್ದು ತೀರಾ ಸಣ್ಣ ವಿಷಯ. ನಿಮ್ಮ ಕಡೆಯಿಂದ ಒಬ್ಬರನ್ನು ಕರೆದುಕೊಂಡು ಬನ್ನಿ ಅಂದರು. ವಯಸ್ಸು ನಿಮ್ಮದೇ ಇರಬೇಕು, ಹೆಣ್ಣುಮಗಳೇ ಆಗಬೇಕು, ನೀವು ದಿನಾ ಓಡಾಡುವ ಜಾಗದಲ್ಲೇ ಓಡಾಡುವವರಾಗಬೇಕು, ಸಕ್ಕರೆ ಕಾಯಿಲೆ ಇರಬಾರದು, ರಕ್ತಸಂಬಂಧವೂ ಇರಬಾರದು.

"ಅಷ್ಟೇ ಶಶಿರೇಖಾ. ಯಾರಾದ್ರೂ ಒಬ್ಬರು ಫ್ರೆಂಡು."

ಅಷ್ಟೇ ಅಂತೆ! ಮೈಯೆಲ್ಲ ಉರಿದುಹೋಯಿತು ನನಗೆ. ಬರಿಹೊಟ್ಟೆಯಲ್ಲಿ ರಕ್ತ ಕೊಡು ಅಂದರೆ ಕೊಡುತ್ತೇನೆ. ಎರಡು ಸಲ ಚುಚ್ಚಬೇಕು ಅಂದರೆ ಮೂರನೆಯದಕ್ಕೂ ಕೈ ಚಾಚುತ್ತೇನೆ. ಹನ್ನೆರಡನೇ ವಯಸ್ಸಿನಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಂಡವಳಿಗೆ ಸೂಜಿ ಯಾವ ಲೆಕ್ಕ? ಆದರೆ ಫ್ರೆಂಡನ್ನು ಎಲ್ಲಿಂದ ತರಲಿ? ಇಪ್ಪತ್ತೆರಡು ವರ್ಷವಾಗಿದೆ ನನಗೆ. ನನಗೆ ಈ ಕಾಯಿಲೆ ಇದೆ ಅಂತ ಗೊತ್ತಿರುವವರು ಅವ್ವ, ಅಪ್ಪ, ಈ ಡಾಕ್ಟರು, ಇವರ ನರ್ಸು, ಅಷ್ಟೇ ಜನ.

ಡಾಕ್ಟರು ತಿಂಗಳಿಗೆರಡು ಭಾನುವಾರ ಮಧುಗಿರಿಗೆ ಬಂದು ಕೂರುತ್ತಾರೆ. ಈ ವರ್ಷ ಅವರದೊಂದು ಅಧ್ಯಯನ ನಡೆಯುತ್ತಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ ಅಂಟಿಸಿಕೊಂಡ ನನ್ನಂಥವರ ರಕ್ತ ತೆಗೆದು ನೋಡುವುದು. ಏನು ನೋಡುತ್ತೀರಿ ಸಾರ್ ಅಂದರೆ ಬೇಸರವಿಲ್ಲದೆ ಬಿಡಿಸಿ ಹೇಳಿದರು.

"ನಿಮ್ಮೂರ ಕಡೆ ತೋಟಕ್ಕೆ ಡ್ರಿಪ್ ಹಾಕ್ತಾರಲ್ಲ, ಬೋರ್‌ವೆಲ್ ಉಪ್ಪು ನೀರಿಗೆ ಮೊದಲು ಯಾವುದು ಕಟ್ಕೊಳ್ಳುತ್ತೆ? ದೊಡ್ಡ ಪೈಪಿಗೆ ಏನೂ ಆಗಲ್ಲ, ಹನಿ ಬೀಳೋ ತೂತು ಕಟ್ಕೊಳ್ಳುತ್ತೆ. ಕಣ್ಣಿನ ಹಿಂದೆ, ಕಿಡ್ನಿ ಒಳಗೆ ಅಂಥ ಸಣ್ಣ ಸಣ್ಣ ನಾಳ ಇರ್ತವೆ. ಸಕ್ಕರೆ ಮೊದಲು ಹಾಳು ಮಾಡೋದು ಅವನ್ನೇ. ಗಿಡ ಬಾಡಿದ ಮೇಲೆ ಗೊತ್ತಾದ್ರೆ ಏನು ಬಂತು? ಬಾಡೋಕೆ ಮುಂಚೆನೇ ರಕ್ತದಲ್ಲಿ ಏನಾದ್ರೂ ಗುರುತು ಸಿಗುತ್ತಾ ಅಂತ ಹುಡುಕ್ತಿದೀವಿ."

ನನ್ನ ರಕ್ತದಲ್ಲಿ ಆ ಗುರುತು ಎಷ್ಟಿದೆ ಎಂದು ತಿಳಿದರೆ ಸಾಲದಂತೆ. ಇದೇ ಬಿಸಿಲಿನಲ್ಲಿ ತಿರುಗಿ, ಇದೇ ನೀರು ಕುಡಿದು, ಇದೇ ಮುದ್ದೆ ಉಂಡು, ಕಾಯಿಲೆಯೊಂದು ಮಾತ್ರ ಇಲ್ಲದವಳ ರಕ್ತದಲ್ಲಿ ಎಷ್ಟಿದೆ ಎಂದೂ ಬೇಕು. ಹಾಗೆ ಜೊತೆಗೆ ಬರುವವರನ್ನು ಅವರು ಕಂಟ್ರೋಲ್ ಅನ್ನುತ್ತಾರೆ. ಜೋಡಿ ಇಲ್ಲದಿದ್ದರೆ ನನ್ನ ರಕ್ತ ತೆಗೆದುಕೊಳ್ಳುವುದಿಲ್ಲ. ಮುಂದಿನ ತಿಂಗಳ ಎರಡನೇ ಭಾನುವಾರವೇ ಕೊನೆ.

ಬೇಡ ಅಂತ ಎದ್ದು ಬರಬಹುದಿತ್ತು. ಬರಲಾಗಲಿಲ್ಲ. ಆವತ್ತು ನನಗಿಂತ ಮುಂಚೆ ಒಳಗೆ ಹೋಗಿದ್ದವನು ಗೌಡಗೆರೆಯ ಸುನೀಲ್‌ಕುಮಾರ್ ಅಂತ ಒಬ್ಬ ಹುಡುಗ. ಇಪ್ಪತ್ತಾರು ವರ್ಷ ಇದ್ದಿರಬೇಕು, ಹೆಂಡತಿ ಕೈ ಹಿಡಿದು ಬಾಗಿಲು ದಾಟಿಸುತ್ತಿದ್ದಳು. "ಹತ್ತು ವರ್ಷ ಏನೂ ಆಗಿರ್ಲಿಲ್ಲ ಕಣಕ್ಕ, ಆಮೇಲೆ ಎಲ್ಡೇ ವರ್ಷಕ್ಕೆ ಕಣ್ಣು ಇಂಗಾಗೋಯ್ತು" ಅಂದಳು. ನನಗೆ ಈಗ ಹತ್ತು ತುಂಬಿದೆ. ಸಂಜೆ ಹೊತ್ತು ಬಸ್ಸಿನ ಬೋರ್ಡು ಹತ್ತಿರ ಬಂದ ಮೇಲೇ ಓದಲಾಗುವುದು. ಸಕ್ಕರೆ ಏರಿಳಿತಕ್ಕೂ ಹಾಗಾಗುತ್ತೆ ಎಂದು ಡಾಕ್ಟರು ಸಮಾಧಾನ ಮಾಡಿದರು. ಸಮಾಧಾನ ಯಾರಿಗೆ ಬೇಕಿತ್ತು? ನನ್ನೊಳಗೆ ಏನು ನಡೆಯುತ್ತಿದೆ ಎಂದು ನನಗೆ ಗೊತ್ತಾಗಬೇಕಿತ್ತು.

ತೋವಿನಕೆರೆಗೆ ಬಂದು ಅವ್ವನಿಗೆ ವಿಷಯ ಹೇಳಿದೆ. ಅವ್ವನ ಹೆಸರು ಪುಟ್ಟಕ್ಕ. ಬಾಯಿ ಮಾತ್ರ ಪುಟ್ಟದಲ್ಲ.

"ಕಂಟ್ರೋಲ್ ಅಂದ್ರೆ ಏನೇ? ನಿನ್ನ ಕಂಟ್ರೋಲ್‌ನಾಗೆ ಇಕ್ಕಾಕೆ ನಾನಿಲ್ವಾ? ಹೊರಗಿನೋರು ಯಾಕೆ?"

"ಅಂಗಲ್ಲ ಕಣವ್ವ. ಕಾಯ್ಲೆ ಇಲ್ದೋರೊಬ್ರು ಜೊತೆಗೆ ಬರ್ಬೇಕಂತೆ."

"ಬಂದೋರು ಸುಮ್ಕಿರ್ತಾರಾ? ನಾಳೆ ನಿನ್ನ ನೋಡಾಕೆ ಯಾವನಾದ್ರೂ ಬಂದಾನಾ? ಹತ್ತು ವರ್ಸ ನಾನು ಬಾಯಿ ಹೊಲ್ಕಂಡಿದ್ದು ಯಾತಕ್ಕೆ? ಬುಡು, ಅದೆಲ್ಲ ಏನೂ ಬ್ಯಾಡ."

ಅವ್ವ ಬಾಯಿ ಹೊಲಿದುಕೊಂಡಿದ್ದಳು ಅನ್ನುವುದು ಪೂರ್ತಿ ನಿಜವಲ್ಲ. ನನಗೆ ಹನ್ನೆರಡು ವರ್ಷವಿದ್ದಾಗ, ಆಸ್ಪತ್ರೆಯಿಂದ ಬಂದ ಹೊಸದರಲ್ಲಿ, ಕೊರಟಗೆರೆಯಲ್ಲಿ ಒಂದು ಮದುವೆ. ಊಟದ ಎಲೆಗೆ ಹೋಳಿಗೆ ಬಂತು. ನಾನು ಕೈ ಅಡ್ಡ ಹಿಡಿದೆ. ಬಡಿಸುವವರು ಬಿಡಲಿಲ್ಲ, ಪಕ್ಕದವರೂ ಬಿಡಲಿಲ್ಲ. ಅವ್ವ ಥಟ್ಟನೆ ಹೇಳಿಬಿಟ್ಟಳು: "ಅವಳು ಸಿಹಿ ಬಿಟ್ಟವಳೆ ಕಣಮ್ಮ. ಮಾರಮ್ಮಂಗೆ ಹರಕೆ." ಸಾಲಿನಲ್ಲಿದ್ದವರೆಲ್ಲ ನನ್ನನ್ನು ನೋಡಿದ ರೀತಿಯೇ ಬೇರೆಯಾಯಿತು. ಒಬ್ಬ ಮುದುಕಿ ಎದ್ದು ಬಂದು ನನ್ನ ಗಲ್ಲ ಮುಟ್ಟಿ ದೃಷ್ಟಿ ತೆಗೆದಳು.

ಅಲ್ಲಿಂದಾಚೆ ನಾನು ಹರಕೆ ಹೊತ್ತ ಹುಡುಗಿ. ಸ್ಕೂಲಿನಲ್ಲಿ ಹುಟ್ಟುಹಬ್ಬದ ಚಾಕಲೇಟಿಗೆ ಹರಕೆ, ಕಾಲೇಜಿನಲ್ಲಿ ಕೇಕಿಗೆ ಹರಕೆ. ಎಲ್ಲರೂ ಗೌರವ ಕೊಡುತ್ತಿದ್ದರು, ಹತ್ತಿರ ಮಾತ್ರ ಯಾರೂ ಬರುತ್ತಿರಲಿಲ್ಲ. ದೇವರ ವಿಷಯ ನೋಡಿ, ಯಾರೂ ಕೆದಕುವುದಿಲ್ಲ. ನನಗೂ ಅದು ಒಳ್ಳೆಯದೇ ಆಯಿತು ಅನ್ನಿಸುತ್ತಿತ್ತು. ಒಳ್ಳೆಯದೇನೂ ಆಗಿರಲಿಲ್ಲ. ಊಟಕ್ಕೆ ಮುಂಚೆ ಹದಿನೈದು ನಿಮಿಷ ಕಾಣೆಯಾಗುವವಳಿಗೆ, ಯಾರ ಮನೆಯಲ್ಲೂ ಒಂದು ರಾತ್ರಿ ಉಳಿಯದವಳಿಗೆ ಯಾರು ಗೆಳತಿಯಾಗುತ್ತಾರೆ? ಒಬ್ಬಳೇ ಇದ್ದು ಇದ್ದು ನನಗೆ ಸಿಡುಕು ಹತ್ತಿತು. ಸಿಡುಕಿನಿಂದ ಇನ್ನಷ್ಟು ಒಬ್ಬಳಾದೆ.

ಆದರೂ ಒಬ್ಬಳಿದ್ದಳು, ಪುಷ್ಪಾವತಿ. ಅವಳ ಹೆಸರು ಮೊದಲೇ ನೆನಪಾಗಿತ್ತು. ನೆನಪಾದ ಕೂಡಲೇ ಪಕ್ಕಕ್ಕೆ ತಳ್ಳಿದ್ದೆ.

ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದೆ ಗಂಗಾಧರ್ ಎನ್ನುವವರ ಸೀರೆ ಅಂಗಡಿಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೇವೆ. ನಾನು ದಿನಾ ಕೊರಟಗೆರೆಯಲ್ಲಿ ಬಸ್ಸು ಬದಲಾಯಿಸಿ ಬರುವವಳು. ಅವಳು ಪಾವಗಡದವಳು. ಎರಡು ವರ್ಷದ ಹಿಂದೆ ಅವರಪ್ಪ ರೇಣುಕಯ್ಯನವರಿಗೆ ಲಕ್ವ ಹೊಡೆದು ಬಲಗೈಯೂ ಮಾತೂ ಹೋದವು. ವ್ಯಾಯಾಮ ಮಾಡಿಸುವವರು ಮಧುಗಿರಿಯಲ್ಲಿದ್ದಾರೆ ಅಂತ ಮನೆ ಮಂದಿಯೆಲ್ಲ ಇಲ್ಲಿಗೇ ಬಂದರು. ಅವಳು ಅಂಗಡಿಗೆ ಸೇರಿದಳು. ಸೇರಿದ ವಾರವೇ, ಶುಕ್ರವಾರದ ಪೂಜೆಯ ಬೂಂದಿಯನ್ನು ನಾನು ಬೇಡ ಅಂದಾಗ, ಯಾರೋ ಅವಳಿಗೆ ನನ್ನ ಹರಕೆಯ ಕಥೆ ಹೇಳಿದರು.

ಆವತ್ತು ಸೀರೆ ಮಡಚುತ್ತಾ ಮೆಲ್ಲಗೆ ಕೇಳಿದಳು, "ಶಶಿ, ನಿನ್ನ ಹರಕೆ ಫಲ ಕೊಡ್ತಾ?"

ಅವ್ವ ಹೇಳಿದ ಸುಳ್ಳು ಅವ್ವನದು. ಇಲ್ಲಿ ಹೇಳಿದ್ದು ನನ್ನದೇ. "ಕೊಡ್ತು" ಅಂದೆ.

"ಏನು ಕೇಳ್ಕೊಂಡಿದ್ದೆ?"

"ಹೇಳ್ಬಾರ್ದು."

ಆ ಶನಿವಾರ ಅವಳು ಪಾವಗಡಕ್ಕೆ ಹೋಗಿ ಶನಿಮಹಾತ್ಮನ ಮುಂದೆ ನಿಂತು ಸಿಹಿ ಬಿಟ್ಟಳು. ಅಪ್ಪನಿಗೆ ಮಾತು ಬರುವ ತನಕ. ಎಂಥ ಸಿಹಿಬಾಕಿ ಅಂತೀರಿ! ಮಿಠಾಯಿ ಅಂಗಡಿಯ ಮುಂದೆ ಹೋಗುವಾಗ ಅವಳ ಕಾಲೇ ನಿಧಾನವಾಗುತ್ತಿತ್ತು. ಸೋದರಮಾವನ ಮಗಳ ಮದುವೆಯಲ್ಲಿ ಪಾಯಸ ಮುಟ್ಟಲಿಲ್ಲ. ಯುಗಾದಿಯಲ್ಲಿ ಬೇವು ತಿಂದಳು, ಬೆಲ್ಲ ಬಿಟ್ಟಳು. ಮಧ್ಯಾಹ್ನ ನಾವಿಬ್ಬರೇ ಮಹಡಿಯ ಗೋಡೌನಿನಲ್ಲಿ ಸೀರೆ ಗಂಟುಗಳ ನಡುವೆ ಕೂತು ಬುತ್ತಿ ಬಿಚ್ಚುತ್ತಿದ್ದೆವು. ಸಿಹಿ ಬಿಟ್ಟವರ ಸಂಘ ಎಂದು ಉಳಿದವರು ರೇಗಿಸುತ್ತಿದ್ದರು. ನನ್ನ ಜನ್ಮದಲ್ಲಿ ಯಾರೋ ನನ್ನ ಪಕ್ಕಕ್ಕೆ ತಾವಾಗಿ ಬಂದು ಕೂತಿದ್ದು ಅದೇ ಮೊದಲು. ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಹದಿನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳು ಅಂಗಡಿಗೆ ಓಡಿ ಬಂದು ಗಿರಾಕಿಗಳ ಎದುರೇ ನನ್ನ ಎರಡೂ ಕೈ ಹಿಡಿದುಕೊಂಡಳು. ಅಪ್ಪ ಅವಳ ಹೆಸರು ಕರೆದಿದ್ದರು. ಪೂರ್ತಿ ಅಲ್ಲ, "ಪುಪ್ಪಾ" ಅಂತ. "ನೀನ್ ಹೇಳಿದ್ದು ನಿಜ ಕಣೆ ಶಶಿ" ಅಂದಳು, ಕಣ್ಣಲ್ಲಿ ನೀರು. ಅಪ್ಪ ಒಂದು ಇಡೀ ಮಾತು ಆಡುವವರೆಗೂ ಹರಕೆ ಮುಂದುವರಿಯುತ್ತದೆ ಅಂತಲೂ ಹೇಳಿದಳು. ವ್ಯಾಯಾಮ ಮಾಡಿಸಿದವರಿಗೆ ಸಲ್ಲಬೇಕಾದದ್ದು ನನಗೆ ಸಂದಿತ್ತು. ಆವತ್ತೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹೇಡಿ ನಾನು.

ಈಗ ಅವಳನ್ನೇ ಕೇಳಬೇಕು. ಸುಮ್ಮನೆ ರಕ್ತ ಕೊಡು ಬಾ ಅಂದರೆ ಬಂದಾಳು, ಆದರೆ ಅಲ್ಲಿ ಎಲ್ಲವೂ ಬಯಲಾಗುತ್ತದೆ. ನರ್ಸಿನ ಬಾಯಿಂದ ಅವಳು ಕೇಳುವುದಕ್ಕಿಂತ ನಾನೇ ಹೇಳುವುದು ಮೇಲು ಅನ್ನಿಸಿತು. ಮೂರು ವಾರ ನಾಳೆ ನಾಳೆ ಅಂತ ತಳ್ಳಿದೆ. ಕೊನೆಯ ಭಾನುವಾರಕ್ಕೆ ನಾಲ್ಕು ದಿನ ಉಳಿದಾಗ ಬೇರೆ ದಾರಿ ಇರಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚುವ ಮುಂಚೆ ಹೇಳಿದೆ. ನನಗೆ ಸಕ್ಕರೆ ಕಾಯಿಲೆ, ಹನ್ನೆರಡನೇ ವಯಸ್ಸಿನಿಂದ. ಇನ್ಸುಲಿನ್ ಇಲ್ಲದಿದ್ದರೆ ವಾರ ಬದುಕುವುದಿಲ್ಲ. ಕಣ್ಣು, ಕಿಡ್ನಿ, ಡಾಕ್ಟರು, ಜೋಡಿ ರಕ್ತ, ಎಲ್ಲ ಒಂದೇ ಉಸಿರಿಗೆ.

ಅವಳ ಮುಖ ಮೊದಲು ಕರಗಿತು. ನನ್ನ ಮೊಣಕೈ ಹಿಡಿದುಕೊಂಡಳು. "ಅಯ್ಯೋ, ಇಷ್ಟು ವರ್ಷ ಒಬ್ಬಳೇ ಹೆಂಗೆ ತಡ್ಕೊಂಡೆ ಅಮ್ಮಾ..." ಅಂದಳು. ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಅವಳ ಯೋಚನೆ ಮುಂದಕ್ಕೆ ಓಡಿತು. ಕೈ ಬಿಟ್ಟಳು.

"ಮತ್ತೆ ಹರಕೆ?"

ನಾನು ಬುತ್ತಿಯನ್ನು ಪಕ್ಕಕ್ಕೆ ಸರಿಸಿದೆ.

ಪುಷ್ಪಾಗೆ ಕೋಪ ಬಂದರೆ ತೆಲುಗು ಬರುತ್ತದೆ. "ಅಂತಾ ಅಬದ್ಧಮೇನಾ?" ಅಂದಳು. ಎಲ್ಲ ಸುಳ್ಳೇನಾ ಅಂತ. ಆಮೇಲೆ ಕನ್ನಡದಲ್ಲಿ, ಒಂದೊಂದೇ ಮಾತು ಬಿಡಿಸಿ, "ಫಲ ಕೊಡ್ತು ಅಂದಿದ್ದೆ. ನಾನು ಕೇಳಿದ್ದೆ, ನೀನು ಕೊಡ್ತು ಅಂದಿದ್ದೆ. ನಮ್ಮಪ್ಪ ಹಾಸಿಗೇಲಿದ್ರು ಆವಾಗ" ಅಂದಳು.

"ಪುಷ್ಪಾ, ನನಗೆ..."

"ಎಷ್ಟು ನಗು ಬಂದಿರ್ಬೇಕು ನಿಂಗೆ, ನಾನು ಹೋಳಿಗೆ ತಳ್ಳಿ ಕೂತಾಗೆಲ್ಲ."

ಒಂದು ದಿನವೂ ನಕ್ಕಿರಲಿಲ್ಲ ನಾನು. ಹೇಳಿದರೆ ನಂಬುತ್ತಿರಲಿಲ್ಲ. ಅವಳು ಬುತ್ತಿ ಎತ್ತಿಕೊಂಡು ಕೆಳಗಿಳಿದಳು. ಇನ್ನುಳಿದ ದಿನಗಳಲ್ಲಿ ಅವಳು ಕೆಳಗೆ, ನಾನು ಮೇಲೆ. ಭಾನುವಾರ ಎಂಟು ಗಂಟೆಗೆ ಬರಿಹೊಟ್ಟೆಯಲ್ಲಿ ಬರಬೇಕು ಎಂದು ಒಂದು ಚೀಟಿ ಬರೆದು ಅವಳ ಬ್ಯಾಗಿನ ಮೇಲಿಟ್ಟೆ. ಅವಳು ಓದಿದ್ದನ್ನು ನೋಡಲಿಲ್ಲ.

ಭಾನುವಾರ ಏಳೂವರೆಗೇ ಹೋಗಿ ಕೂತೆ. ಗಂಟೆ ಎಂಟಾಯಿತು, ಎಂಟೂವರೆ ಆಯಿತು. ಜೋಡಿಗಳೆಲ್ಲ ಬರುತ್ತಿದ್ದವು, ಒಬ್ಬರಿಗೊಬ್ಬರು ತಮಾಷೆ ಮಾಡುತ್ತಾ, ನಿನ್ನ ರಕ್ತ ನೀರಾಗಿದೆ ನೋಡು ಅನ್ನುತ್ತಾ. ನರ್ಸ್ ಮಂಜುಳಾ ಎರಡು ಸಲ ಬಂದು ನನ್ನ ಪಕ್ಕದ ಖಾಲಿ ಕುರ್ಚಿ ನೋಡಿ ಹೋದರು. ಅಳು ಒತ್ತರಿಸಿ ಬಂತು. ಅಳಲಿಲ್ಲ, ಗೋಡೆಯ ಮೇಲಿನ ಕ್ಯಾಲೆಂಡರನ್ನು ಬೈದುಕೊಳ್ಳುತ್ತಾ ಕೂತೆ. ಒಂಬತ್ತಕ್ಕೆ ಐದು ನಿಮಿಷವಿದ್ದಾಗ ಪುಷ್ಪಾ ಬಂದಳು. ನನ್ನ ಕಡೆ ನೋಡದೆ, ನಡುವೆ ಒಂದು ಕುರ್ಚಿ ಬಿಟ್ಟು ಕೂತಳು.

ಮಂಜುಳಾ ಸಿಸ್ಟರ್ ಫಾರಂ ಹಿಡಿದು ಬಂದರು. ಹೆಸರು, ವಯಸ್ಸು, ಊರು. ಆಮೇಲೆ ನನ್ನ ಕಡೆ ಪೆನ್ನು ತೋರಿಸಿ ಅವಳನ್ನು ಕೇಳಿದರು, "ಇವರು ನಿಮಗೆ ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ" ಅಂದಳು ಪುಷ್ಪಾ.

"ಫ್ರೆಂಡ್ ಅಂತ ಬರ್ಕೊಳ್ಲಾ?"

"ಒಂದೇ ಅಂಗಡಿ ಅಂತ ಬರ್ಕೊಳ್ಳಿ."

ಸಿಸ್ಟರ್ ಹಾಗೇ ಬರೆದುಕೊಂಡರು. ದಿನಾ ಸೂಜಿ ಚುಚ್ಚಿಕೊಳ್ಳುವ ನನ್ನನ್ನು ಆ ಮಾತು ನೋಯಿಸಿದಷ್ಟು ಸೂಜಿ ಎಂದೂ ನೋಯಿಸಿರಲಿಲ್ಲ. ಮುಂದಿನ ಪ್ರಶ್ನೆ ಊಟದ್ದು. ವಾರಕ್ಕೆ ಎಷ್ಟು ಸಲ ಸಿಹಿ ತಿನ್ನುತ್ತೀರಿ? ನಾನು ಇಲ್ಲ ಅಂದೆ. ಅವಳೂ ಇಲ್ಲ ಅಂದಳು. "ನಿಮಗೇನ್ರೀ ಆಗಿರೋದು?" ಎಂದು ಸಿಸ್ಟರ್ ನಕ್ಕರು.

"ಹರಕೆ" ಅಂದಳು.

ಇಬ್ಬರ ರಕ್ತವೂ ಒಂದರ ಪಕ್ಕ ಒಂದು ಟ್ಯೂಬಿನಲ್ಲಿ ನಿಂತಿತು. ನೋಡಲು ಒಂದೇ ಬಣ್ಣ. ಹೊರಗೆ ಬಂದ ಮೇಲೆ ತಡೆಯಲಾಗದೆ ಕೇಳಿದೆ, "ಇನ್ನೂ ಬಿಟ್ಟಿಲ್ವಾ ಹರಕೆ?"

"ನೀನು ಸುಳ್ಳು ಹೇಳಿದ್ದು ನಂಗೆ. ದೇವರ ಮುಂದೆ ನಾನು ಸುಳ್ಳು ಹೇಳಿಲ್ಲ."

"ಮತ್ತೆ ಯಾಕೆ ಬಂದೆ?"

"ನಿನ್ನ ಕಣ್ಣು ಹೋದ್ರೆ ನಂಗೇನು ಸಂತೋಷಾನಾ?" ಅಂದು ಹೊರಟುಹೋದಳು. ಹಿಂದೆ ಹೋಗಲು ನನಗೆ ಮುಖವಿರಲಿಲ್ಲ.

ಆರು ವಾರ ಹೀಗೇ ಕಳೆಯಿತು. ಅಂಗಡಿಯಲ್ಲಿ ನಮ್ಮ ಮಾತು ಸೀರೆಯ ಮಾತು ಮಾತ್ರ. ನೀಲಿ ಅಂಚಿನದು ಕೊಡು, ಆ ಗಂಟು ಇಳಿಸು. ಅವಳು ಯಾರಿಗೂ ನನ್ನ ವಿಷಯ ಹೇಳಿರಲಿಲ್ಲ. ಬೇಕಾದಷ್ಟು ಸಿಟ್ಟಿದ್ದರೂ ಹೇಳಿರಲಿಲ್ಲ. ಅದನ್ನೇ ನೆನೆಯುತ್ತಾ ಗೋಡೌನಿನಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದೆ. ಮೊದಲೂ ಒಂಟಿಯಾಗಿದ್ದೆ, ಆದರೆ ಆಗ ಇಂಥವಳು ಇಲ್ಲ ಎಂದು ಹೆಸರು ಹಿಡಿದು ಹೇಳಲು ಬರುತ್ತಿರಲಿಲ್ಲ. ಈಗ ಬರುತ್ತಿತ್ತು.

ಫಲಿತಾಂಶದ ಭಾನುವಾರ ನಾನೊಬ್ಬಳೇ ಹೋದೆ. ಡಾಕ್ಟರು ನಮ್ಮಿಬ್ಬರ ಹಾಳೆಗಳನ್ನು ಅಕ್ಕಪಕ್ಕ ಹಾಸಿದರು. ಖುಷಿಯಾಗಿದ್ದರು.

"ನಾಲ್ಕು ತಾಲ್ಲೂಕಲ್ಲಿ ಇಷ್ಟು ಒಳ್ಳೇ ಜೋಡಿ ನಂಗೆ ಸಿಕ್ಕಿರಲಿಲ್ಲ ನೋಡಿ. ಒಂದೇ ವಯಸ್ಸು, ಒಂದೇ ಕೆಲಸ, ಸಿಹಿ ಇಬ್ಬರೂ ತಿನ್ನಲ್ಲ. ನಿಮ್ಮಿಬ್ಬರಿಗೂ ಇರೋ ವ್ಯತ್ಯಾಸ ಕಾಯಿಲೆ ಒಂದೇ. ಹೆಂಗೆ ಹುಡುಕಿದ್ರಿ ಇವರನ್ನ?"

ಹೇಗೆ ಹುಡುಕಿದೆ ಅಂತ ಏನು ಹೇಳಲಿ? ಅವರು ಬೆರಳಿಟ್ಟು ತೋರಿಸಿದರು. ಅವಳದು ಕೆಳಗೆ, ನನ್ನದು ಮೇಲೆ, ಹೆಚ್ಚೂಕಡಿಮೆ ಎರಡರಷ್ಟು. ರಕ್ತದ ಈ ಗುರುತನ್ನು ಇನ್ನೂ ಪೂರ್ತಿ ನಂಬುವ ಹಾಗಿಲ್ಲ, ನೂರಾರು ಜನರದು ನೋಡಬೇಕು ಅಂದರು. ಆದರೆ ರಕ್ತದ ಜೊತೆಗೆ ಕೊಟ್ಟಿದ್ದ ನನ್ನ ಮೂತ್ರದಲ್ಲೂ ಪ್ರೋಟೀನ್ ಸ್ವಲ್ಪ ಸೋರುತ್ತಿದೆಯಂತೆ. ಆವತ್ತೇ ತೆಗೆದಿದ್ದ ಕಣ್ಣಿನ ಫೋಟೋ ಸದ್ಯಕ್ಕೆ ಸರಿಯಿದೆ. ಕಿಡ್ನಿಯ ಸಣ್ಣ ನಾಳಗಳಲ್ಲಿ ಶುರುವಾಗಿದೆ. ಬೇಗ ಸಿಕ್ಕಿದೆ, ಮಾತ್ರೆ ಕೊಡುತ್ತೇನೆ, ಸಕ್ಕರೆ ಹತೋಟಿಯಲ್ಲಿಟ್ಟರೆ ಬಹಳ ಕಾಲ ಹಿಡಿದಿಡಬಹುದು, ಮೂರು ತಿಂಗಳಿಗೆ ಮತ್ತೆ ನೋಡೋಣ. ಅವರು ಹೇಳಿದ್ದೆಲ್ಲ ಒಳ್ಳೆಯ ಮಾತೇ. ನನ್ನ ಕಿವಿಗೆ ಬಿದ್ದದ್ದು ಮಾತ್ರ ಶುರುವಾಗಿದೆ ಅನ್ನುವ ಒಂದೇ ಪದ.

ಊರಿಗೆ ಹೋದ ಕೂಡಲೇ ಅವ್ವ ಕೇಳಿದಳು, "ಏನಂದ್ರೇ?"

"ಎಲ್ಲ ಸರಿಯಾಗೈತಂತೆ ಕಣವ್ವ" ಅಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ! ಅವ್ವ ಕೈ ಮುಗಿದು ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಪುಷ್ಪಾ ಶನಿವಾರ ಹರಡಿದ್ದ ಸೀರೆಗಳನ್ನು ಮಡಚುತ್ತಿದ್ದಳು. ಹೋಗಿ ಅವಳ ಎದುರು ನಿಂತು, "ನಿನ್ನ ರಿಪೋರ್ಟ್ ಬಂತು. ನಿನ್ನ ರಕ್ತ ಚೆನ್ನಾಗೈತಂತೆ. ಏನೂ ತೊಂದ್ರೆ ಇಲ್ಲ" ಅಂದೆ.

ತಲೆಯಾಡಿಸಿದಳು. ಮಡಚುತ್ತಲೇ ಇದ್ದಳು. ನಾನು ತಿರುಗಿದೆ.

"ನಿಂದು?" ಅಂದಳು.

ಆರು ವಾರದಲ್ಲಿ ಸೀರೆಗೆ ಸಂಬಂಧವಿಲ್ಲದ ಮೊದಲ ಮಾತು. ಅವ್ವನಿಗೆ ಹೇಳಿದ ಉತ್ತರವೇ ನಾಲಗೆಯ ಮೇಲೆ ಸಿದ್ಧವಾಗಿತ್ತು. ಹತ್ತು ವರ್ಷದ ಅಭ್ಯಾಸ ಅದು. ನುಂಗಿಕೊಂಡೆ.

"ಚೆನ್ನಾಗಿಲ್ಲ ಕಣೆ. ಕಿಡ್ನೀಲಿ ಶುರುವಾಗೈತಂತೆ. ಅವ್ವಂಗೂ ಹೇಳಿಲ್ಲ, ನಿಂಗೇ ಮೊದ್ಲು."

ಅವಳ ಕೈ ನಿಂತಿತು. ತಲೆಯೆತ್ತಿ ನನ್ನ ಮುಖವನ್ನು ತುಂಬಾ ಹೊತ್ತು ನೋಡಿದಳು, ಬಣ್ಣ ಹೋಗುವ ಸೀರೆಯೋ ಏನೋ ಎಂದು ಗಿರಾಕಿ ನೋಡುವ ಹಾಗೆ. ಸಿಟ್ಟಿರಲಿಲ್ಲ ಆ ನೋಟದಲ್ಲಿ, ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

"ಇದಾದ್ರೂ ನಿಜಾನಾ ಶಶಿ?" ಅಂದಳು.

"ನಿಜ" ಅಂದೆ. ಬೇರೇನು ಹೇಳಿದರೂ ಹೆಚ್ಚಾಗುತ್ತಿತ್ತು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಅಷ್ಟರಲ್ಲಿ ತಾಯಿ ಮಗಳು ಇಬ್ಬರು ಮೆಟ್ಟಿಲು ಹತ್ತಿ ಬಂದರು, ಮದುವೆ ಸೀರೆ ಬೇಕಂತೆ, ಪುಷ್ಪಾ ಅವರನ್ನು ಕೂರಿಸಲು ಹೋದಳು.